ಡಿಪ್ರೆಶನ್‌ಗೆ ಅಕ್ಯುಪಂಕ್ಚರ್ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ಅರೆನಿದ್ದೆ:
ಕೆಲವು ತಿಂಗಳಿಂದ ಡಿಪ್ರೆಶನ್‌ಗೆ ಸರ್ಟ್ರಲೀನ್ ಅನ್ನೋ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅಳು ನಿಂತಿದೆ, ಕೆಲಸಕ್ಕೂ ಹೋಗುತ್ತಿದ್ದೇನೆ. ಆದರೆ ನಿದ್ದೆ ಸರಿಯಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ. ಅತ್ತಿಗೆ ಒತ್ತಾಯ ಮಾಡಿ ಒಬ್ಬ ಅಕ್ಯುಪಂಕ್ಚರ್‌ನವರ ಹತ್ತಿರ ಕಳಿಸಿದರು. ಅವರು ನಾಲಿಗೆ ಚಾಚಿಸಿ ನೋಡಿದರು, ಎರಡೂ ಕೈಯ ನಾಡಿ ಹಿಡಿದರು. ‘ನಿಮ್ಮ ಲಿವರ್‌ನಲ್ಲಿ ಚೀ ಕಟ್ಟಿಕೊಂಡಿದೆ’ ಅಂದರು. ಚೀ ಅಂದರೆ ಚೀನೀ ವೈದ್ಯದಲ್ಲಿ ಮೈಯೊಳಗೆ ಹರಿಯುವ ಪ್ರಾಣಶಕ್ತಿಯಂತೆ. ನನ್ನ ಲಿವರ್ ರಿಪೋರ್ಟ್ ನಾರ್ಮಲ್ ಇದೆ ಮಾರಾಯ್ರೆ! ಸೂಜಿ ಜೊತೆ ಒಂದು ಚೀನೀ ಪುಡಿಯನ್ನೂ ಕೊಡುತ್ತಾರಂತೆ, ಮಾತ್ರೆ ಬಿಟ್ಟುಬಿಡಬೇಕಂತೆ. ಸೂಜಿಗೆ ನನಗೇನೂ ಹೆದರಿಕೆ ಇಲ್ಲ. ಇದರಿಂದ ನಿಜವಾಗಿ ಉಪಯೋಗ ಇದೆಯಾ, ಅಥವಾ ಸುಮ್ನೆ ನಂಬಿಕೆನಾ?

ಕಿಟಕಿಪಕ್ಕ:
ನಾನು ಮಾಡಿಸಿಕೊಂಡಿದ್ದೇನೆ, ಮಾತ್ರೆ ಬಿಡದೆ. ಇಂಜೆಕ್ಷನ್ ಸೂಜಿ ತರ ಅಲ್ಲ ಅದು. ತುಂಬಾ ಸಣ್ಣ, ಒಳಗೆ ತೂತಿಲ್ಲ. ನೆತ್ತಿಗೆ ಒಂದು, ಹುಬ್ಬುಗಳ ನಡುವೆ ಒಂದು, ಮಣಿಕಟ್ಟಿನ ಒಳಬದಿಗೆ, ಮತ್ತೆ ಪಾದದಲ್ಲಿ ಹೆಬ್ಬೆರಳಿನ ಸಂದಿಯಿಂದ ಸ್ವಲ್ಪ ಮೇಲೆ. ನೆತ್ತಿಯದು ಗೊತ್ತೇ ಆಗಲಿಲ್ಲ. ಪಾದದ್ದನ್ನು ತಿರುಗಿಸಿದಾಗ ಜೋಮು ಹಿಡಿದ ಹಾಗೆ ಭಾರ ಆಯ್ತು. ಅದಕ್ಕೆ ‘ದೆ ಚೀ’ ಅಂತಾರೆ, ಅದು ಬಂದರೇನೇ ಸರಿ ಅಂತ ಅವರ ಲೆಕ್ಕ. ಆಮೇಲೆ ಅರ್ಧ ಗಂಟೆ ಅಲ್ಲಾಡದೆ ಮಲಗಿರಬೇಕು. ಫೋನ್ ಮುಟ್ಟುವ ಹಾಗಿಲ್ಲ.
ಅವತ್ತು ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು. ಮನಸ್ಸು ಹಗುರ ಆಯ್ತಾ ಅಂದರೆ, ಸ್ವಲ್ಪ. ಅದರಲ್ಲಿ ಸೂಜಿಯ ಪಾಲೆಷ್ಟು, ಆ ಅರ್ಧ ಗಂಟೆ ಯಾರೂ ನನ್ನನ್ನು ಏನೂ ಕೇಳದೆ ಬಿಟ್ಟಿದ್ದರ ಪಾಲೆಷ್ಟು, ದೇವರಿಗೇ ಗೊತ್ತು.

ಹಳೇಫಾರ್ಮಸಿ:
ಲಿವರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅವರ ಪದ್ಧತಿಯಲ್ಲಿ ಕೋಪ, ಬೇಸರ ಎಲ್ಲ ಅದರ ಖಾತೆಗೇ ಹೋಗುತ್ತೆ. ರಕ್ತಪರೀಕ್ಷೆಗೂ ಅದಕ್ಕೂ ಸಂಬಂಧವಿಲ್ಲ.
ಉಪಯೋಗ ಇದೆಯಾ ಅಂದರೆ, 2018ರಲ್ಲಿ ಕಾಕ್ರೇನ್‌ನವರು (ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಸಂಸ್ಥೆ) 64 ಅಧ್ಯಯನ ಒಟ್ಟು ಮಾಡಿ ನೋಡಿದ್ದಾರೆ, 7 ಸಾವಿರ ದಾಟಿ ಜನ. ಸೂಜಿ ಇಲ್ಲದವರಿಗೆ ಹೋಲಿಸಿದರೆ ಸೂಜಿ ಹಾಕಿಸಿಕೊಂಡವರು ಒಂದಷ್ಟು ಸುಧಾರಿಸಿದ್ದರು. ಆದರೆ ನಕಲಿ ಅಕ್ಯುಪಂಕ್ಚರ್‌ಗೆ ಹೋಲಿಸಿದಾಗ ಅಂತರ ಸಣ್ಣದಾಯ್ತು. (ನಕಲಿಗೆ ಒಂದು ಮೊಂಡು ಸೂಜಿ ಇದೆ. ಒತ್ತಿದರೆ ಹಿಡಿಯೊಳಗೇ ಸರಿಯುತ್ತೆ, ಚರ್ಮದೊಳಗೆ ಹೋಗಲ್ಲ. ರೋಗಿಗೆ ಚುಚ್ಚಿದ ಹಾಗೇ ಅನಿಸುತ್ತೆ.) ಅಧ್ಯಯನಗಳ ಗುಣಮಟ್ಟವೂ ಅಷ್ಟಕ್ಕಷ್ಟೇ ಅಂತ ಅವರೇ ಬರೆದಿದ್ದಾರೆ. 2013ರಲ್ಲಿ ಇಂಗ್ಲೆಂಡಿನಲ್ಲಿ 755 ಜನರ ಮೇಲೆ ನಡೆದ ಅಧ್ಯಯನದಲ್ಲಿ ಸೂಜಿಯವರೂ ಕೌನ್ಸೆಲಿಂಗ್‌ನವರೂ ಮೂರು ತಿಂಗಳಿಗೆ ಮಾಮೂಲಿ ಚಿಕಿತ್ಸೆಯವರಿಗಿಂತ ಚೆನ್ನಾಗಿದ್ದರು. ಆದರೆ ಅಲ್ಲಿ ಯಾರ ಮಾತ್ರೆಯನ್ನೂ ಬಿಡಿಸಿರಲಿಲ್ಲ.
ನನಗೆ ನಿಜವಾದ ಭಯ ಪುಡಿಯದ್ದು. ಇಂಥದಕ್ಕೆ ಅವರು ಸಾಮಾನ್ಯವಾಗಿ ಕೊಡುವ ಶಿಯಾವ್ ಯಾವ್ ಸಾನ್ ಅನ್ನೋ ಮೂಲಿಕೆ ಪುಡಿಯಲ್ಲಿ ಅತಿಮಧುರ ಇರುತ್ತೆ. ಅದು ಜಾಸ್ತಿಯಾದರೆ ಬಿಪಿ ಏರುತ್ತೆ, ಪೊಟ್ಯಾಸಿಯಂ ಇಳಿಯುತ್ತೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಚೀನೀ ಮೂಲಿಕೆಯಲ್ಲಿ ಒಂದು ಬೇರಿನ ಬದಲು ಅರಿಸ್ಟೊಲೊಕಿಯಾ ಅನ್ನೋ ವಿಷದ ಗಿಡದ ಬೇರು ಸೇರಿಹೋಗಿ ಎಷ್ಟೋ ಹೆಂಗಸರ ಕಿಡ್ನಿಯೇ ಹೋಯ್ತು. ಪುಡಿಯಲ್ಲಿ ಏನೇನಿದೆ ಅಂತ ಬರೆಸಿಕೊಂಡು ಸೈಕಿಯಾಟ್ರಿಸ್ಟ್‌ಗೆ ತೋರಿಸಿ.
ಸರ್ಟ್ರಲೀನ್ ತಟ್ಟನೆ ಬಿಟ್ಟರೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗಬಹುದು. ಬರೆದುಕೊಟ್ಟ ಡಾಕ್ಟರೇ ಡೋಸ್ ಇಳಿಸಬೇಕು. ಅಂದ ಹಾಗೆ, ಮಾತ್ರೆ ಯಾವ ಹೊತ್ತಿಗೆ ತಗೋತೀರಿ? ಆ ಮಾತ್ರೆಯೇ ಕೆಲವರಿಗೆ ನಿದ್ದೆ ಕೆಡಿಸುತ್ತೆ.

ಸುಮ್ನಿರೋಣ:
ಮಾತ್ರೆ ಬಿಡಿ ಅಂದವರ ಬಾಗಿಲಿಗೆ ನಾನಂತೂ ಮತ್ತೆ ಹೋಗಲ್ಲ. ನಡುವೆ ಸಾಯುವ ಯೋಚನೆ ಏನಾದರೂ ಬಂದರೆ ಇಲ್ಲಿ ಬರೆಯುತ್ತಾ ಕೂರಬೇಡಿ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ.

ಅರೆನಿದ್ದೆ:
ಆ ಯೋಚನೆ ಇಲ್ಲ, ಥ್ಯಾಂಕ್ಸ್. ಫೋನ್ ಮಾಡಿ ಪುಡಿಯಲ್ಲಿ ಏನಿದೆ ಅಂತ ಕೇಳಿದೆ. ‘ಅದೆಲ್ಲ ನಿಮಗೆ ಯಾಕೆ’ ಅಂದರು. ಪುಡಿ ಬೇಡ ಅಂದೆ. ಮಾತ್ರೆ ರಾತ್ರಿ ತಗೊಳ್ತಿದ್ದೆ, ಡಾಕ್ಟರ್ ಈಗ ಬೆಳಿಗ್ಗೆಗೆ ಬದಲಾಯಿಸಿದ್ದಾರೆ. ಸೂಜಿ ಬೇಕಿದ್ದರೆ ಹಾಕಿಸಿಕೊಳ್ಳಿ, ಪ್ರತಿಸಲ ಹೊಸ ಸೂಜಿ ಅಂತ ಖಾತ್ರಿ ಮಾಡಿಕೊಳ್ಳಿ ಅಂದರು. ಕಿಟಕಿಪಕ್ಕ ಅವರೇ, ನಿಮಗೆ ಹಾಕಿದವರು ಹೊಸಬರನ್ನು ನೋಡ್ತಾರಾ? ಅತ್ತಿಗೆಗೆ ಏನು ಹೇಳೋದು ಅನ್ನೋದೊಂದು ಬಾಕಿ ಇದೆ.