ಆಲ್-ವೀಲ್-ಡ್ರೈವ್ ಕಾರಿಗೆ ಹಿಂದೆ ಅಗಲವಾದ ಟೈರು ಹಾಕಬಹುದೇ?

ಪ್ರಶ್ನೆ:
ನನ್ನ ಆಲ್-ವೀಲ್-ಡ್ರೈವ್ (ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ಹೋಗುವ) ಕಾರಿನ ನಾಲ್ಕೂ ಚಕ್ರಗಳಲ್ಲಿ 225/45 ಆರ್18 ಟೈರುಗಳಿವೆ. ಹೆಚ್ಚಿನ ಹಿಡಿತಕ್ಕಾಗಿ ಹಿಂದೆ ಮಾತ್ರ 255 ಮಿ.ಮೀ. ಅಗಲದ ಟೈರು ಹಾಕಿಸಿದರೆ ಡ್ರೈವ್ ವ್ಯವಸ್ಥೆಗೆ ಹಾನಿಯಾಗುತ್ತದೆಯೇ?

ಉತ್ತರ 1:
ಇಲ್ಲಿ ಮುಖ್ಯವಾದದ್ದು ಅಗಲವಲ್ಲ, ಟೈರಿನ ಹೊರವ್ಯಾಸ. 225/45ರಲ್ಲಿನ ಎರಡನೆಯ ಸಂಖ್ಯೆ ಟೈರಿನ ಪಕ್ಕದ ಗೋಡೆಯ ಎತ್ತರವನ್ನು ಅಗಲದ ಶೇಕಡಾವಾರಿನಲ್ಲಿ ಹೇಳುವುದರಿಂದ, ಅಗಲ ಹೆಚ್ಚಿಸಿದಾಗ ಆ ಸಂಖ್ಯೆಯನ್ನು ತಗ್ಗಿಸಲೇಬೇಕು. 225/45 ಆರ್18 ಟೈರಿನ ವ್ಯಾಸ ಸುಮಾರು 659.7 ಮಿ.ಮೀ., 255/40 ಆರ್18ರದ್ದು 661.2, ಈ ಅಂತರ ನಗಣ್ಯ. ಬಿಎಂಡಬ್ಲ್ಯು 3 ಸರಣಿಯ ಎಕ್ಸ್‌ಡ್ರೈವ್ (ಆ ಕಂಪನಿಯ ಆಲ್-ವೀಲ್-ಡ್ರೈವ್) ಕಾರುಗಳಿಗೆ ಕಾರ್ಖಾನೆಯಿಂದಲೇ ಈ ಜೋಡಿ ಬಂದದ್ದುಂಟು. ಅದೇ 255/45 ಹಾಕಿದರೆ ವ್ಯಾಸ 27 ಮಿ.ಮೀ. ಹೆಚ್ಚಾಗಿ, ನೇರ ರಸ್ತೆಯಲ್ಲೂ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ; ಅವೆರಡಕ್ಕೂ ಶಕ್ತಿ ಹಂಚುವ ನಡುವಿನ ಕ್ಲಚ್ ಫಲಕಗಳು ಸದಾ ಉಜ್ಜಿಕೊಂಡು ಕಾದು ಸವೆಯುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ.

ಉತ್ತರ 2:
ಲೆಕ್ಕ ಸರಿಹೊಂದಿದರೂ ಸವೆತವನ್ನು ಮರೆಯಬಾರದು. ಮುಂದೆ ಸವೆದ ಟೈರು, ಹಿಂದೆ ಹೊಸದು ಎಂದಾದರೆ ವ್ಯಾಸದ ಅಂತರ ಮತ್ತೆ ಹುಟ್ಟಿಕೊಳ್ಳುತ್ತದೆ, ಅಳತೆ ಬೇರೆಯಾದ್ದರಿಂದ ಟೈರುಗಳನ್ನು ಹಿಂದೆ ಮುಂದೆ ಅದಲುಬದಲು ಮಾಡಲೂ ಆಗದು. ಸುಬಾರು ಕಂಪನಿ ನಾಲ್ಕೂ ಟೈರುಗಳು ಒಂದೇ ಅಳತೆಯಲ್ಲಿರಬೇಕೆಂದು ಹೇಳುತ್ತದೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ಈ ಜೋಡಿಗೆ ಅನುಮತಿಯಿಲ್ಲದಿದ್ದರೆ, ನಾಲ್ಕಕ್ಕೂ ಒಂದೇ ಅಳತೆಯ ಉತ್ತಮ ಟೈರು ಹಾಕಿಸುವುದೇ ನನ್ನ ಸಲಹೆ.

ಉತ್ತರ 3:
255ಕ್ಕೆ ರಿಮ್ಮಿನ ಅಗಲವೂ ಹೊಂದಬೇಕು. ಜೊತೆಗೆ, ಹಿಂದಿನ ಹಿಡಿತ ಮಾತ್ರ ಹೆಚ್ಚಿದರೆ ತಿರುವಿನಲ್ಲಿ ಕಾರಿನ ಮೂತಿ ಹೊರಕ್ಕೆ ಜಾರುವ ಪ್ರವೃತ್ತಿ ಬೆಳೆಯುತ್ತದೆ.