ಹತ್ತು ಚಕ್ರದ ಲಾರಿಗೆ ಮೊಬೈಲ್ ಮ್ಯಾಪ್ ಸಾಕಾ, ಕಾಗದದ ಮ್ಯಾಪೂ ಬೇಕಾ?

ದಾವಣಗೆರೆ ಹತ್ತುಚಕ್ರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮೂರು ವರ್ಷ ಕ್ಲೀನರ್ ಆಗಿದ್ದೆ, ಎರಡು ವರ್ಷ ಬೇರೆಯವರ ಆರು ಚಕ್ರದ ಗಾಡಿ ಓಡಿಸಿದೆ. ಅದೆಲ್ಲಾ ಹುಬ್ಬಳ್ಳಿ–ಬೆಂಗಳೂರು ನೇರ ಹೈವೇ, ದಾರಿ ಕೇಳೋ ಪ್ರಮೇಯವೇ ಇರಲಿಲ್ಲ. ಈಗ ಸಾಲ ಮಾಡಿ ಸ್ವಂತ ಹತ್ತು ಚಕ್ರದ್ದು ತಗೊಂಡಿದೀನಿ. ಮೆಕ್ಕೆಜೋಳ ಲೋಡು ಜಾಸ್ತಿ.

ಹೋದ ವಾರ ಹಾಸನದ ಕಡೆ ಹೊರಟಿದ್ದೆ. ಬಾಣಾವರ ದಾಟಿದ ಮೇಲೆ ಮೊಬೈಲು ಬಲಕ್ಕೆ ತಿರುಗು, 14 ನಿಮಿಷ ಉಳಿತದೆ ಅಂತು. ತಿರುಗಿದೆ. ಎರಡು ಹಳ್ಳಿ ದಾಟಿದ ಮೇಲೆ ರೈಲ್ವೆ ಅಂಡರ್‌ಪಾಸ್, ಮುಂದೆ ಅಡ್ಡ ಕಂಬಿ, ಅದರ ಮೇಲೆ 3.6 ಮೀಟರ್ ಅಂತ ಬರೆದಿತ್ತು. ಟಾರ್ಪಾಲ್ ಕಟ್ಟಿದ ನನ್ನ ಗಾಡಿ ಹೋಗೋ ಮಾತೇ ಇಲ್ಲ. ತಿರುಗಿಸೋಕೆ ಜಾಗ ಇಲ್ಲ, ಎರಡೂ ಕಡೆ ತೆಂಗಿನ ತೋಟದ ಬೇಲಿ. ರಾತ್ರಿ ಎರಡು ಗಂಟೆ. ಕ್ಲೀನರ್ ಹುಡುಗ ಹಿಂದೆ ಟಾರ್ಚ್ ಹಿಡಿದು ನಡೆದ, ನಾನು ಒಂದೂವರೆ ಕಿಲೋಮೀಟರ್ ರಿವರ್ಸ್ ಬಂದೆ. ಒಂದು ಕಡೆ ಹಿಂದಿನ ಚಕ್ರ ಚರಂಡಿ ಅಂಚಿಗೆ ಹೋಗಿತ್ತು. ಈಗ ನೆನೆಸಿಕೊಂಡರೂ ಕೈ ಬೆವರುತ್ತೆ.

ಅಪ್ಪಾನೂ ಡ್ರೈವರ್ ಆಗಿದ್ದೋರು. ‘ಮೊಬೈಲ್ ಬಿಡು, ಕಾಗದದ ಮ್ಯಾಪ್ ಇಟ್ಕೋ’ ಅಂತಾರೆ. ಮುಂದಿನ ಗುರುವಾರ ಮೊದಲ ಸಲ ಕೋಝಿಕ್ಕೋಡ್ ಲೋಡ್ ಸಿಕ್ಕಿದೆ. ಗುಂಡ್ಲುಪೇಟೆ ಮೇಲೆ ಹೋಗಬೇಕು. ನಿಜವಾಗಿ ಓಡಿಸೋರು ಏನು ಮಾಡ್ತೀರಿ, ಹೇಳಿ.

ಅರಸೀಕೆರೆ ಹಳೇ ಡ್ರೈವರ್:

ತಮ್ಮಾ, ಆ ಕಂಬಿ ಮುಂದೆ ನಿಂತುಬಿಟ್ಟೆಯಲ್ಲ, ಅಷ್ಟು ಸಾಕು. ನುಗ್ಗಿಸಿ ನೋಡೋಣ ಅಂತ ಹೋದೋರ ಗಾಡಿ ಕ್ಯಾರಿಯರ್ ಕಿತ್ತು ಬಿದ್ದಿದ್ದು ಕಣ್ಣಾರೆ ಕಂಡಿದೀನಿ. ನಾನು 31 ವರ್ಷ ಸ್ಟೇರಿಂಗ್ ಹಿಡಿದೋನು, ಗೊತ್ತಿರೋದು ಹೇಳ್ತೀನಿ.

ನೀನು ತಪ್ಪು ದಾರಿ ಹಿಡಿದಿದ್ದಲ್ಲ, ಕಾರಿನ ದಾರಿ ಹಿಡಿದಿದ್ದು. ನಾವೆಲ್ಲ ಬಳಸೋ ಆ್ಯಪು ನಿನ್ನ ಗಾಡಿ ಎತ್ತರ ಎಷ್ಟು, ತೂಕ ಎಷ್ಟು ಅಂತ ಒಂದು ಸಲವೂ ಕೇಳಿಲ್ಲ. ಕೇಳದೇ ಇರೋದನ್ನ ಅದು ಹೇಗೆ ಲೆಕ್ಕ ಹಾಕುತ್ತೆ? ಹೈವೇಲಿ ಹೋಗೋವಾಗ ಮುಂದೆ ಎಷ್ಟು ದೂರ ಇದೆ, ಎಲ್ಲಿ ಜಾಮ್ ಆಗಿದೆ ಅನ್ನೋದಕ್ಕೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ, ನಾನೂ ದಿನಾ ನೋಡ್ತೀನಿ. ಆದರೆ ಹೈವೇ ಬಿಟ್ಟು ಇಳಿ ಅಂದ ತಕ್ಷಣ ಗಾಡಿ ಸೈಡಿಗೆ ಹಾಕಿ ಒಂದು ಬೀಡಾ ಅಂಗಡಿಲಿ ಕೇಳು. ‘ಈ ದಾರೀಲಿ ಹುಲ್ಲಿನ ಲಾರಿ ಓಡಾಡುತ್ತಾ?’ ಅಂತ ಕೇಳಬೇಕು. ‘ದಾರಿ ಇದೆಯಾ’ ಅಂತ ಕೇಳಿದರೆ ಎಲ್ಲರೂ ಇದೆ ಅಂತಾರೆ.

ಇನ್ನೊಂದು, ಗಾಡಿ ಎತ್ತರ ನಮಗೆ ಅಡಿ ಲೆಕ್ಕದಲ್ಲಿ ಗೊತ್ತು, ರೈಲ್ವೆಯೋರು ಮೀಟರಲ್ಲಿ ಬರೆದಿರ್ತಾರೆ. 3.6 ಮೀಟರ್ ಅಂದ್ರೆ 12 ಅಡಿಗೆ ಇನ್ನೂ ಎರಡು ಇಂಚು ಕಮ್ಮಿ. ಲೋಡ್ ಕಟ್ಟಿದ ಮೇಲೆ ಟೇಪ್ ಹಿಡಿದು ಅಳತೆ ಮಾಡಿ, ಮೀಟರಲ್ಲೇ ಡ್ಯಾಶ್‌ಬೋರ್ಡ್ ಮೇಲೆ ಸುಣ್ಣದಲ್ಲಿ ಬರಿ. ಪ್ರತಿ ಲೋಡಿಗೂ ಬರಿ.

ಕಾಗದದ ಮ್ಯಾಪ್ ವಿಷಯ. ಅಪ್ಪ ಹೇಳೋದು ಸುಳ್ಳಲ್ಲ. ಮೊಬೈಲ್ ಒಂದು ತಿರುವು ತೋರಿಸಿ ಇನ್ನೊಂದು ತಿರುವು ತೋರಿಸುತ್ತೆ. ಕಾಗದ ಬಿಚ್ಚಿದರೆ ದಾವಣಗೆರೆಯಿಂದ ಕೋಝಿಕ್ಕೋಡ್‌ವರೆಗೆ ಇಡೀ ಸೀಮೆ ಕಣ್ಣ ಮುಂದೆ ಇರುತ್ತೆ. ಒಂದು ರಸ್ತೆ ಮುಚ್ಚಿದರೆ ಎಡಕ್ಕೆ ಏನಿದೆ, ಬಲಕ್ಕೆ ಏನಿದೆ ಅಂತ ತಲೆಯಲ್ಲಿ ಕೂತಿರುತ್ತೆ. 2018ರಲ್ಲಿ ಶಿರಾಡಿ ಮೊದಲು ಕಾಂಕ್ರೀಟ್ ಕೆಲಸಕ್ಕೆ ಮುಚ್ಚಿತು, ಆಮೇಲೆ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಮುಚ್ಚಿತು. ಆ ವರ್ಷ ಸಕಲೇಶಪುರದಲ್ಲಿ ಕೂತು ದಾರಿ ಯೋಚನೆ ಮಾಡಿದ್ದು ನಾನು ಕಾಗದ ಹಾಸಿಕೊಂಡೇ.

ಆದರೆ ಹಳೇ ಮ್ಯಾಪ್ ಇಟ್ಕೋಬೇಡ. 2010ರಲ್ಲಿ ಹೆದ್ದಾರಿ ನಂಬರೆಲ್ಲಾ ಬದಲಾಯ್ತು. ನಿಮ್ಮ ದಾವಣಗೆರೆ ಮೇಲೆ ಹೋಗೋ ನಾಲ್ಕನೇ ನಂಬರು 48 ಆಯ್ತು. ಮೊದಲು 48 ಅಂದ್ರೆ ಮಂಗಳೂರು ರಸ್ತೆ, ಅದು ಈಗ 75. ಎರಡೂ ನೆಲಮಂಗಲದಲ್ಲೇ ಕವಲೊಡೆಯೋದು. ನಮ್ಮ ಹಳೇ ಮಾಲೀಕರು ಒಬ್ಬ ಹೊಸ ಹುಡುಗನಿಗೆ ಫೋನಲ್ಲಿ ‘ನೆಲಮಂಗಲದಲ್ಲಿ 48 ಹಿಡಿ, ಮಂಗಳೂರಿಗೆ ನೇರ’ ಅಂದ್ರು. ಹುಡುಗ ಬೋರ್ಡ್ ನೋಡಿ ಸರಿಯಾಗೇ 48 ಹಿಡಿದ. ದಾಬಸ್‌ಪೇಟೆಗೆ ಹೋದ ಮೇಲೆ ಗೊತ್ತಾಯ್ತು, ತುಮಕೂರಿನ ಕಡೆ ಹೋಗ್ತಿದೀನಿ ಅಂತ. ಪಾಪ, ಬೈಸಿಕೊಂಡಿದ್ದು ಅವನು.

ನಾನು ಮೊಬೈಲು, ಮ್ಯಾಪು ಎರಡಕ್ಕಿಂತ ಜಾಸ್ತಿ ನಂಬೋದು ನನ್ನ ನೋಟ್‌ಬುಕ್ಕು. 200 ಪುಟದ್ದು, ಈಗ ನಾಲ್ಕನೇದು ನಡೀತಿದೆ. ಒಂದು ದಾರಿಗೆ ಒಂದು ಪುಟ. ಯಾವ ಸೇತುವೆ ಎಷ್ಟು ಎತ್ತರ, ಯಾವ ಊರೊಳಗೆ ವಾರದ ಸಂತೆ, ಲೋಡ್ ಗಾಡಿ ನಿಲ್ಲಿಸೋಕೆ ಗಟ್ಟಿ ನೆಲ ಎಲ್ಲಿ, ನೀರು ಎಲ್ಲಿ, ರಾತ್ರಿ ಪಂಕ್ಚರ್ ಹಾಕೋನು ಎಲ್ಲಿ. ನೀನು ರಿವರ್ಸ್ ಬಂದೆಯಲ್ಲ, ಆ ಹಳ್ಳಿ ಹೆಸರು ಇವತ್ತೇ ಬರೆದಿಡು. ಅದು ನಿನ್ನ ಪುಸ್ತಕದ ಮೊದಲ ಪುಟ.

ಕೋಝಿಕ್ಕೋಡ್ ದಾರಿ: ಹಿರಿಯೂರಲ್ಲಿ 48 ಬಿಟ್ಟು 150ಎ ಹಿಡಿ. ಹುಳಿಯಾರು, ಚಿಕ್ಕನಾಯಕನಹಳ್ಳಿ, ಕೆ.ಬಿ. ಕ್ರಾಸ್, ತುರುವೇಕೆರೆ, ನಾಗಮಂಗಲ, ಶ್ರೀರಂಗಪಟ್ಟಣ, ಮೈಸೂರು. ಗುಂಡ್ಲುಪೇಟೆ ಆದ ಮೇಲೆ 766. ಬಂಡೀಪುರ ಕಾಡಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಬಂದ್, 2009ರಿಂದ ಹೀಗೇ ಇದೆ. ಗೇಟ್ ಇರೋದು ಮದ್ದೂರಲ್ಲಿ. ಮೊಬೈಲಲ್ಲಿ ಮದ್ದೂರು ಅಂತ ಹೊಡೆದರೆ ಮಂಡ್ಯದ ಮದ್ದೂರು ಬರಬಹುದು, ಹುಷಾರು. ತಡ ಆದರೆ ಗುಂಡ್ಲುಪೇಟೆಯಲ್ಲೇ ಮಲಗು. ಗೋಣಿಕೊಪ್ಪ, ಕುಟ್ಟ ಸುತ್ತಿ ಹೋಗು ಅಂತ ಮೊಬೈಲ್ ಹೇಳಿದರೂ, ತುಂಬಿದ ಗಾಡೀಲಿ ರಾತ್ರಿ ಹೊತ್ತು ಮೊದಲ ಸಲ ಆ ಕಾಫಿ ತೋಟದ ರಸ್ತೆ ಬೇಡ. ಲಕ್ಕಿಡಿ ದಾಟಿದರೆ ತಾಮರಶ್ಶೇರಿ ಘಾಟಿ, 9 ಹೇರ್‌ಪಿನ್. ದೊಡ್ಡ ಗಾಡಿಗೆ ಅಲ್ಲಿ ಹೊತ್ತಿನ ಕಟ್ಟುಪಾಡು ಆಗಾಗ ಬದಲಾಗುತ್ತೆ, ವೈತ್ತಿರಿಯಲ್ಲಿ ಕೇಳಿಕೊಂಡೇ ಇಳಿ. ಹತ್ತೋ ಗೇರಲ್ಲೇ ಇಳೀಬೇಕು, ಬ್ರೇಕ್ ಕಾಯಿಸಬೇಡ.

ಬೆಳ್ತಂಗಡಿ ಜಲ್ಲಿ ಲಾರಿ:

ಹಳೇ ಡ್ರೈವರ್ ಹೇಳಿದ್ದು ಸರಿ ಉಂಟು. ನಮ್ಮಲ್ಲಿ ಮಳೆಗಾಲದ್ದು ಬೇರೆಯೇ ಕಥೆ. ಚಾರ್ಮಾಡಿಯಲ್ಲಿ 2019ರ ಕುಸಿತದ ನಂತರ ದೊಡ್ಡ ಲಾರಿ ಬಿಡುವುದಿಲ್ಲ, ಆಗುಂಬೆಯ 14 ತಿರುವಿನಲ್ಲಿ ಮೊದಲೇ ಬಿಡುವುದಿಲ್ಲ. ಮೊಬೈಲ್‌ನಲ್ಲಿ ನೋಡಿದರೆ ಎರಡೂ ತೆರೆದಿರುತ್ತದೆ, ಯಾಕೆಂದರೆ ಕಾರು ಹೋಗ್ತಾ ಉಂಟಲ್ಲ! ಹೊರರಾಜ್ಯದ ಗಾಡಿಗಳು ಉಜಿರೆ ದಾಟಿ ಬಂದು ಗೇಟಿನಲ್ಲಿ ವಾಪಸ್ ಹೋಗುವುದು ಎಷ್ಟು ಸಲ ನೋಡಿದ್ದೇನೆ. ಗುಡ್ಡ ಕುಸಿದ ಸುದ್ದಿ ನಮಗೆ ಮೊದಲು ಗೊತ್ತಾಗುವುದು ಎದುರಿನಿಂದ ಬರುವ ಕೆಎಸ್‌ಆರ್‌ಟಿಸಿ ಡ್ರೈವರ್‌ನಿಂದ, ಆಮೇಲೆ ಡಿಸಿ ಆದೇಶ, ಮೊಬೈಲ್ ಅದರ ನಂತರ. ಶಿರಾಡಿಯಲ್ಲಿ ಇಳಿಯುವಾಗ ಸಿಗ್ನಲ್ ಹೋಗುತ್ತದೆ, ಆಫ್‌ಲೈನ್ ಮ್ಯಾಪ್ ಸಕಲೇಶಪುರಕ್ಕೆ ಮೊದಲೇ ಇಳಿಸಿಕೊಳ್ಳಿ.

ಮತ್ತೆ ಮಳೆ ಜೋರಿದ್ದರೆ ಗುಡ್ಡದ ಬುಡದಲ್ಲಿ ಚಾಯ ಕುಡಿಯಲು ನಿಲ್ಲಿಸಬೇಡಿ. 2024ರ ಜುಲೈಯಲ್ಲಿ ಅಂಕೋಲಾದ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಏನಾಯ್ತೆಂದು ನಾವೆಲ್ಲ ನೋಡಿದ್ದೇವೆ.

ಟ್ರಾನ್ಸ್‌ಪೋರ್ಟ್ ಆಫೀಸ್:

ಗಾಡಿ ಕಳಿಸೋ ಕಡೆಯಿಂದ ಎರಡು ಮಾತು. ಇ-ವೇ ಬಿಲ್ (ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಆನ್‌ಲೈನ್ ಚೀಟಿ) ಅವಧಿ 200 ಕಿ.ಮೀ.ಗೆ ಒಂದು ದಿನ ಲೆಕ್ಕ. ಆ ದೂರ ಎರಡು ಪಿನ್‌ಕೋಡ್ ನಡುವಿನದು, ನೀವು ಸುತ್ತಿದ ದಾರಿಯದ್ದಲ್ಲ. ನಿಮ್ಮದು ಸುಮಾರು 500 ಕಿ.ಮೀ., ಮೂರು ದಿನ ಸಿಗುತ್ತೆ. ಗೇಟ್ ಮುಚ್ಚಿ ತಡ ಆದರೆ ಅವಧಿ ಮುಗಿಯೋ 8 ಗಂಟೆ ಮುಂಚೆಯಿಂದ ಮುಗಿದ 8 ಗಂಟೆವರೆಗೆ ಅದನ್ನ ಮುಂದುವರಿಸಬಹುದು. ಆಫೀಸಿಗೆ ಫೋನ್ ಮಾಡಿ, ಸಮಯಕ್ಕೆ ಹೆದರಿ ಅಡ್ಡದಾರಿ ಹಿಡೀಬೇಡಿ.

ಆ್ಯಪ್ ಬೇಕೇ ಅಂದ್ರೆ ಓಸ್ಮ್‌ಆ್ಯಂಡ್ ನೋಡಿ. ನೆಟ್ ಇಲ್ಲದೆ ನಡೆಯುತ್ತೆ, ಲಾರಿ ಅಂತ ಆಯ್ಕೆ ಮಾಡಿ ಎತ್ತರ, ತೂಕ ತುಂಬಬಹುದು. ಆದರೆ ಸೇತುವೆ ಎತ್ತರವನ್ನ ಯಾರಾದರೂ ಆ ಮ್ಯಾಪಿಗೆ ಸೇರಿಸಿದ್ದರೆ ಮಾತ್ರ ಅದಕ್ಕೆ ಗೊತ್ತಾಗೋದು. ನಿಮ್ಮ 3.6 ಮೀಟರ್ ಕಂಬಿಯನ್ನ ನೀವೇ ಸೇರಿಸಬಹುದು, ಯಾರು ಬೇಕಾದರೂ ಸೇರಿಸಬಹುದು.

ದಾವಣಗೆರೆ ಹತ್ತುಚಕ್ರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳೇ ಡ್ರೈವರ್ ಅಣ್ಣ ಬರೆದಿದ್ದನ್ನ ಅಪ್ಪನಿಗೆ ಓದಿ ಹೇಳಿದೆ. ಅವರು ಒಳಗೆ ಹೋಗಿ ಟ್ರಂಕಿಂದ ಒಂದು ಡೈರಿ ತಂದ್ರು, ನಾನು ಇಷ್ಟು ದಿನ ನೋಡೇ ಇರಲಿಲ್ಲ. ಅದರಲ್ಲೂ ಒಂದು ದಾರಿಗೆ ಒಂದು ಪುಟ! ಕೋಝಿಕ್ಕೋಡ್ ಪುಟದಲ್ಲಿ 212 ಅಂತಿದೆ, ಅದನ್ನ ಹೊಡೆದು 766 ಬರೆದೆ. ಗಾಡಿ ಅಳತೆ ಮಾಡಿದೆ, ಟಾರ್ಪಾಲ್ ಸೇರಿ 3.77 ಮೀಟರ್. ಕಂಬಿಯ ಜಾಗ ಮ್ಯಾಪಿಗೆ ಹೇಗೆ ಸೇರಿಸೋದು ಅಂತ ಗೊತ್ತಿರೋರು ಬುಧವಾರದೊಳಗೆ ಸ್ವಲ್ಪ ಬಿಡಿಸಿ ಹೇಳ್ತೀರಾ?