ತಾತ್ಕಾಲಿಕ ನಂಬರಿಗೆ ಒಟಿಪಿ ತರಿಸಿಕೊಂಡು ಖಾತೆ ತೆರೆದರೆ ಮುಂದೆ ತೊಂದರೆ ಆಗುತ್ತಾ?

ನೀಲಿಛತ್ರಿ:

ಎಲ್ಲರಿಗೂ ನಮಸ್ಕಾರ. ನಾನು ಮನೆಯಿಂದಲೇ ಅನುವಾದದ ಕೆಲಸ ಮಾಡುವವಳು. ಕೆಲಸ ಹುಡುಕಲು ನಾಲ್ಕಾರು ಸೈಟ್‌ಗಳಲ್ಲಿ ಖಾತೆ ಬೇಕು, ಹೋದಲ್ಲೆಲ್ಲ ಮೊದಲು ಕೇಳುವುದೇ ಮೊಬೈಲ್ ನಂಬರ್. ಹೋದ ವರ್ಷ ಒಂದು ಕಡೆ ಸ್ವಂತ ನಂಬರ್ ಕೊಟ್ಟೆ. ಮೂರನೇ ದಿನದಿಂದ ಕರೆಗಳು ಶುರು. ಸಾಲ ಬೇಕಾ ಅಂತ ಒಬ್ಬರು, ಷೇರು ಕಲಿಸುತ್ತೇವೆ ಅಂತ ಇನ್ನೊಬ್ಬರು. ಒಂದನ್ನು ಬ್ಲಾಕ್ ಮಾಡಿದರೆ ಬೇರೆ ನಂಬರಿನಿಂದ ಮತ್ತೆ. ಎಷ್ಟೋ ಮಧ್ಯಾಹ್ನ ಮಲಗಿಸಿದ ಮಗು ಎದ್ದು ಅತ್ತಿದೆ. ಈಗ ನಂಬರ್ ಕೇಳುವ ಖಾನೆ ಕಂಡರೇ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಮೊನ್ನೆ ಹುಡುಕುವಾಗ ಪುಕ್ಕಟೆಯಾಗಿ ನಂಬರ್ ಕೊಡುವ ಒಂದು ಸೈಟ್ ಸಿಕ್ಕಿತು. ನಂಬರುಗಳ ಪಟ್ಟಿ ಇರುತ್ತೆ, ಒಂದನ್ನು ಒತ್ತಿದರೆ ಅದಕ್ಕೆ ಬಂದ ಮೆಸೇಜುಗಳೆಲ್ಲ ಅಲ್ಲೇ ಕಾಣುತ್ತವೆ. ನಾಲ್ಕು ಕಡೆ ಹಾಕಿ ನೋಡಿದೆ. ಮೊದಲನೆಯದು "ಈ ನಂಬರ್ ಬಳಸಲಾಗದು" ಅಂತು. ಎರಡನೆಯದು "ಈ ನಂಬರಿನಲ್ಲಿ ಈಗಾಗಲೇ ಖಾತೆ ಇದೆ" ಅಂತು. ಮೂರನೆಯದರಲ್ಲಿ ಒಟಿಪಿ ಬರಲೇ ಇಲ್ಲ. ನಾಲ್ಕನೆಯದರಲ್ಲಿ ಕೆಲಸ ಆಯಿತು. ಅಲ್ಲಿ ನನ್ನ ಅನುವಾದದ ಮಾದರಿಗಳನ್ನೆಲ್ಲ ಹಾಕಿ, ಇಬ್ಬರಿಗೆ ಅರ್ಜಿಯನ್ನೂ ಕಳಿಸಿದ್ದೇನೆ.

ಉಳಿದವು ಯಾಕೆ ಒಪ್ಪಲಿಲ್ಲ? ದುಡ್ಡು ಕೊಟ್ಟು ಬಾಡಿಗೆಗೆ ತೆಗೆದುಕೊಳ್ಳುವ ನಂಬರ್ ಇದಕ್ಕಿಂತ ವಾಸಿಯಾ? ತೆರೆದಿರುವ ಖಾತೆ ಹೀಗೇ ಇದ್ದರೆ ಏನಾದರೂ ಆಗುತ್ತಾ? ತಿಳಿದವರು ಹೇಳಿ.

ಗಾಳಿಗಿರಣಿ:

ನಾನೂ ಬಳಸುತ್ತೇನೆ. ಒಂದು ಪಿಡಿಎಫ್ ಇಳಿಸಿಕೊಳ್ಳುವುದಕ್ಕೂ ನಂಬರ್ ಕೇಳುವ ಸೈಟ್‌ಗಳಿವೆಯಲ್ಲ, ಅಂಥವಕ್ಕೆ ಇದು ಸಾಕು. ಫೈಲ್ ಸಿಕ್ಕ ಮೇಲೆ ಆ ಖಾತೆ ಇದ್ದರೂ ಒಂದೇ, ಹೋದರೂ ಒಂದೇ. ಆದರೆ ನೀವು ಕೆಲಸದ ಮಾದರಿಗಳನ್ನು ಹಾಕಿದ್ದೇನೆ ಅಂದದ್ದು ಓದಿ ಗಾಬರಿಯಾಯಿತು. ಅಂಥದ್ದಕ್ಕೆ ಬೇಡ.

ಕಂದೀಲು:

ಮೇಡಂ, ಮೊದಲು ಒಂದು ಕೆಲಸ ಮಾಡಿ, ಉಳಿದದ್ದನ್ನು ಆಮೇಲೆ ಓದಿ. ಆ ನಾಲ್ಕನೇ ಸೈಟ್‌ನಲ್ಲಿ ನೀವಿನ್ನೂ ಲಾಗಿನ್ ಆಗಿದ್ದರೆ, ಯಾವ ಕಾರಣಕ್ಕೂ ಲಾಗೌಟ್ ಮಾಡದೆ ಸೆಟ್ಟಿಂಗ್ಸ್‌ಗೆ ಹೋಗಿ. ನಿಮ್ಮ ಇಮೇಲ್ ಸೇರಿಸಿ, ಬಂದ ಲಿಂಕ್ ಒತ್ತಿ ಖಚಿತಪಡಿಸಿ, ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇಡಿ. ಆಮೇಲೆ ಆ ನಂಬರನ್ನು ತೆಗೆಯಿರಿ. ತೆಗೆಯಲು ಬಿಡದಿದ್ದರೆ ನಿಮ್ಮ ಕೈಯಲ್ಲೇ ಇರುವ ಯಾವುದಾದರೂ ನಂಬರಿಗೆ ಬದಲಾಯಿಸಿ. ಹಾಕಿರುವ ಮಾದರಿಗಳ ಪ್ರತಿ ನಿಮ್ಮ ಕಂಪ್ಯೂಟರಿನಲ್ಲಿ ಇದೆಯೇ ನೋಡಿಕೊಳ್ಳಿ.

ಇಷ್ಟು ಅವಸರಪಡಿಸಲು ಕಾರಣ ಇದೆ. ನಾನು ಹೀಗೇ ಒಂದು ಖಾತೆ ಕಳೆದುಕೊಂಡವನು.

ನಮ್ಮ ಅಪ್ಪ ದಿನಚರಿ ಬರೆಯುತ್ತಿದ್ದರು. ಅವರು ಹೋದ ಮೇಲೆ ನಾನೂ ತಂಗಿಯೂ ಕೂತು ಒಂದೊಂದೇ ಹಾಳೆ ಸ್ಕ್ಯಾನ್ ಮಾಡಿದೆವು, ಒಟ್ಟು 212 ಪುಟ. ಫೈಲುಗಳನ್ನು ಇಡಲು ಒಂದು ಸೈಟ್‌ನಲ್ಲಿ ಖಾತೆ ತೆರೆದೆ. ಅದೂ ನಂಬರ್ ಕೇಳಿತು. ನಿಮ್ಮ ಹಾಗೆಯೇ ಕರೆಗಳ ಕಾಟಕ್ಕೆ ಬೇಸತ್ತಿದ್ದೆ, ಪುಕ್ಕಟೆ ನಂಬರೊಂದನ್ನು ಹಾಕಿದೆ. ಒಟಿಪಿ ಬಂತು, ಖಾತೆ ತೆರೆಯಿತು, ನಂಬರನ್ನು ಮರೆತೂಬಿಟ್ಟೆ. ಆಮೇಲೆ ಆ ಪುಸ್ತಕಗಳಿಗೆ ಗೆದ್ದಲು ಹಿಡಿಯಿತು. ನಮ್ಮ ಹತ್ತಿರ ಸ್ಕ್ಯಾನ್ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆವು.

ಎರಡು ವರ್ಷದ ಮೇಲೆ ಫೋನ್ ಬದಲಾಯಿಸಿದೆ. ಹೊಸ ಫೋನಿನಲ್ಲಿ ಪಾಸ್‌ವರ್ಡ್ ಸರಿಯಾಗಿಯೇ ಹಾಕಿದೆ. ಹೊಸ ಸಾಧನ ಅಂತ ಅದು ಕೋಡ್ ಕೇಳಿತು. "ಕೊನೆಯಲ್ಲಿ 47 ಇರುವ ನಂಬರಿಗೆ ಕೋಡ್ ಕಳಿಸಿದ್ದೇವೆ." ನನ್ನ ನಂಬರ್ 47ರಲ್ಲಿ ಮುಗಿಯುವುದಿಲ್ಲ. ಹೆಂಡತಿಯದೂ ಅಲ್ಲ, ತಂಗಿಯದೂ ಅಲ್ಲ, ನನ್ನ ಹಳೆಯ ನಂಬರೂ ಅಲ್ಲ. ಆ 47 ಯಾರದು ಅಂತ ಹೊಳೆಯುವ ಹೊತ್ತಿಗೆ ಸಂಜೆಯಾಗಿತ್ತು. ಪುಕ್ಕಟೆ ನಂಬರಿನ ಸೈಟ್‌ಗೆ ಓಡಿದೆ, ಪಟ್ಟಿಯಲ್ಲಿ ಆ ನಂಬರ್ ಇರಲಿಲ್ಲ. ಅವರು ಹಳೆಯದನ್ನು ತೆಗೆದು ಹೊಸದನ್ನು ಹಾಕುತ್ತಲೇ ಇರುತ್ತಾರೆ. ಕಂಪನಿಗೆ ಬರೆದೆ. ನಂಬರ್ ನಿಮ್ಮದೆಂದು ತೋರಿಸುವ ದಾಖಲೆ ಕಳಿಸಿ ಅಂತ ಉತ್ತರ ಬಂತು. ಯಾವತ್ತೂ ನನ್ನದಾಗಿರದ ನಂಬರಿಗೆ ದಾಖಲೆ ಎಲ್ಲಿಂದ ತರಲಿ? ಅವರನ್ನು ದೂರಲೂ ಆಗುವುದಿಲ್ಲ, ಕೇಳಿದವರಿಗೆಲ್ಲ ಬಾಗಿಲು ತೆಗೆಯುವ ಕಂಪನಿಯಲ್ಲಿ ನಾನೇ ಏನೂ ಇಡುತ್ತಿರಲಿಲ್ಲ. ತಂಗಿಯ ಕಂಪ್ಯೂಟರಿನಲ್ಲಿ 38 ಪುಟ ಸಿಕ್ಕಿದವು. ಉಳಿದದ್ದು ಹೋಯಿತು.

ಒಟಿಪಿಯನ್ನು ನಾವು ಬಾಗಿಲಲ್ಲಿ ಒಂದು ಸಲ ತೋರಿಸಿ ಎಸೆಯುವ ಚೀಟಿ ಅಂದುಕೊಳ್ಳುತ್ತೇವೆ. ಸೈಟ್ ಮಾತ್ರ ಆ ನಂಬರನ್ನು ಬೀಗದ ಕೈ ಅಂತಲೇ ಬರೆದಿಟ್ಟುಕೊಂಡಿರುತ್ತೆ. ಪಾಸ್‌ವರ್ಡ್ ಮರೆತಾಗ, ಫೋನ್ ಬದಲಾಯಿಸಿದಾಗ, ಏನೋ ಅನುಮಾನ ಬಂದಾಗ ಅದು ಹುಡುಕಿಕೊಂಡು ಹೋಗುವುದು ಆ ನಂಬರನ್ನೇ.

ಆ ಬೀಗದ ಕೈ ಬೇರೆಯವರಿಗೂ ಸಿಗುತ್ತೆ ಅನ್ನುವುದು ಇನ್ನೂ ದೊಡ್ಡ ಭಯ. ಖಾತೆ ಹೋದ ಮೇಲೆ ಒಂದು ದಿನ ಅಂಥ ಪುಟವೊಂದನ್ನು ತೆರೆದಿಟ್ಟು ಹತ್ತು ನಿಮಿಷ ಸುಮ್ಮನೆ ನೋಡುತ್ತಾ ಕೂತೆ. ಒಂದರ ಮೇಲೊಂದು ಕೋಡ್‌ಗಳು ಬೀಳುತ್ತಿದ್ದವು, ನನಗೆ ಓದಲು ಬಾರದ ಲಿಪಿಗಳಲ್ಲೂ ಇದ್ದವು. ಅದರ ನಡುವೆ "ಪಾಸ್‌ವರ್ಡ್ ಬದಲಾಯಿಸಲು ನಿಮ್ಮ ಕೋಡ್" ಅಂತ ಒಂದು ಬಂತು. ನಿಮಿಷದೊಳಗೆ ಅದೇ ಸೇವೆಯಿಂದ ಇನ್ನೊಂದು: "ನಿಮ್ಮ ಪಾಸ್‌ವರ್ಡ್ ಬದಲಾಗಿದೆ." ಬದಲಾಯಿಸಿದ್ದು ಆ ಖಾತೆ ತೆರೆದವರೋ, ನನ್ನ ಹಾಗೆ ಪುಟ ನೋಡುತ್ತಾ ಕೂತಿದ್ದ ಇನ್ಯಾರೋ, ದೇವರೇ ಬಲ್ಲ. ನಿಮ್ಮ ನಾಲ್ಕನೇ ಖಾತೆಯ ನಂಬರಿನ ಪುಟವೂ ಈಗ ಹಾಗೆಯೇ ತೆರೆದಿದೆ.

ಬಾಡಿಗೆ ನಂಬರಿನ ಬಗ್ಗೆ ಕೇಳಿದಿರಿ. ಮೆಸೇಜುಗಳು ಎಲ್ಲರಿಗೂ ಕಾಣುವುದಿಲ್ಲ, ಅಷ್ಟರ ಮಟ್ಟಿಗೆ ವಾಸಿ. ಆದರೆ ಒಂದೇ ಒಟಿಪಿಗೆ ಅಂತ ಕೊಡುವ ನಂಬರ್ ಸಾಮಾನ್ಯವಾಗಿ ಕೆಲವೇ ನಿಮಿಷ ನಿಮ್ಮ ಹೆಸರಿನಲ್ಲಿರುತ್ತೆ, ಆಮೇಲೆ ಬೇರೆಯವರಿಗೆ ಹೋಗುತ್ತೆ. ಇನ್ನೊಂದು ವಿಷಯ ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. 2022ರಲ್ಲಿ ಟ್ರೆಂಡ್ ಮೈಕ್ರೋ ಎಂಬ ಸೈಬರ್ ಭದ್ರತಾ ಸಂಸ್ಥೆಯ ಸಂಶೋಧಕರು ಇಂಥ ಒಂದು ಬಾಡಿಗೆ ಸೇವೆಯ ಜಾಡು ಹಿಡಿದು ಹೋದಾಗ, ಅದರ ಹಿಂದೆ ಮಾಲ್‌ವೇರ್ ಸೇರಿಕೊಂಡಿದ್ದ ಆಂಡ್ರಾಯ್ಡ್ ಫೋನುಗಳು ಸಿಕ್ಕಿದವು. ಫೋನಿನ ಯಜಮಾನರಿಗೆ ಗೊತ್ತೇ ಆಗದಂತೆ ಅವರ ನಂಬರಿಗೆ ಬಂದ ಒಟಿಪಿಯನ್ನು ಕದ್ದು ಮಾರುತ್ತಿದ್ದರು. ಎಲ್ಲ ಬಾಡಿಗೆ ಸೇವೆಯೂ ಹೀಗೆ ಅಂತ ಹೇಳುತ್ತಿಲ್ಲ. ಆದರೆ ನಾವು ದುಡ್ಡು ಕೊಟ್ಟು ತೆಗೆದುಕೊಂಡ ನಂಬರ್ ಯಾರ ಜೇಬಿನಲ್ಲಿದೆ ಅಂತ ತಿಳಿಯುವ ದಾರಿ ನಮಗಿಲ್ಲ.

ತಂತಿಹಕ್ಕಿ:

ಕಂದೀಲು ಅವರೇ, ಅಪ್ಪನವರ ದಿನಚರಿಯ ವಿಷಯ ಓದಿ ಬೇಜಾರಾಯಿತು.

ಸೈಟ್‌ಗಳು ಯಾಕೆ ಒಪ್ಪುವುದಿಲ್ಲ ಅನ್ನುವುದಕ್ಕೆ ನಾನು ಹೇಳಬಲ್ಲೆ. ಒಂದು ಸಣ್ಣ ಕಂಪನಿಯಲ್ಲಿ ಹೊಸ ಖಾತೆಗಳ ನೋಂದಣಿ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ನೀವು ನಂಬರ್ ಹಾಕಿದ ತಕ್ಷಣ ಹಿಂದುಗಡೆ ಒಂದು ವಿಚಾರಣೆ ನಡೆಯುತ್ತೆ: ಈ ನಂಬರ್ ಮೊಬೈಲ್ ಸಿಮ್ಮಿನದೋ, ಸ್ಥಿರ ದೂರವಾಣಿಯದೋ, ಇಂಟರ್‌ನೆಟ್ ಮೂಲಕ ಓಡುವ ವಾಯ್ಪ್ ನಂಬರೋ ಅಂತ. ಇದನ್ನು ಹೇಳಲೆಂದೇ ಸೇವೆಗಳಿವೆ. ವಾಯ್ಪ್ ಅಂತ ಬಂದರೆ ಎಷ್ಟೋ ಕಡೆ ಅಲ್ಲಿಗೇ ನಿಲ್ಲಿಸುತ್ತಾರೆ. ನಿಮ್ಮ ಮೊದಲನೇ ಸೈಟ್‌ನಲ್ಲಿ ಆದದ್ದು ಬಹುಶಃ ಇದೇ. ಎರಡನೆಯದರ ಕಾರಣ ಅಲ್ಲೇ ಬರೆದಿದೆ, ಆ ಪುಕ್ಕಟೆ ನಂಬರನ್ನು ನಿಮಗಿಂತ ಮೊದಲೇ ಯಾರೋ ಬಳಸಿ ಮುಗಿಸಿದ್ದಾರೆ.

ನಾವು ಇಷ್ಟು ಬಿಗಿ ಮಾಡಿದ್ದು ಜನರನ್ನು ಸತಾಯಿಸಲು ಅಲ್ಲ. ಒಬ್ಬನೇ ಕೂತು ಒಂದು ರಾತ್ರಿಯಲ್ಲಿ ಸಾವಿರ ನಕಲಿ ಖಾತೆ ತೆರೆಯುತ್ತಿದ್ದ, ಬೆಳಿಗ್ಗೆ ಅವುಗಳಿಂದ ನಿಜವಾದ ಸದಸ್ಯರಿಗೆ ವಂಚನೆಯ ಮೆಸೇಜ್ ಹೋಗುತ್ತಿತ್ತು. ಒಂದೊಂದು ಒಟಿಪಿಗೂ ಕಂಪನಿ ದುಡ್ಡು ಕಟ್ಟಬೇಕು. ದುಬಾರಿ ದರದ ನಂಬರುಗಳಿಗೆ ಬೇಕೆಂದೇ ಸಾವಿರಾರು ಒಟಿಪಿ ತರಿಸಿ, ಆ ದುಡ್ಡಿನಲ್ಲಿ ಪಾಲು ಹೊಡೆಯುವ ಗುಂಪುಗಳೂ ಇವೆ.

ಹಾಗಂತ ನೀಲಿಛತ್ರಿ ಅವರ ಭಯ ಸುಳ್ಳಲ್ಲ, ನಾನು ಅವರ ಕಡೆಯೇ. ಭದ್ರತೆಗೆ ಅಂತ ನಂಬರ್ ಪಡೆದು ಜಾಹೀರಾತಿಗೆ ಬಳಸಿದ್ದಕ್ಕೆ 2022ರಲ್ಲಿ ಟ್ವಿಟರ್ 15 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಬೇಕಾಯಿತು. ಅಷ್ಟು ದೊಡ್ಡವರೇ ಹಾಗೆ ಮಾಡಿದ ಮೇಲೆ ಜನ ನಂಬರ್ ಬಚ್ಚಿಟ್ಟುಕೊಂಡರೆ ತಪ್ಪೇನು? ನನ್ನ ಸಲಹೆ, ಖಾತೆಗಳಿಗೆ ಅಂತಲೇ ಇನ್ನೊಂದು ಸಿಮ್ ಅಥವಾ ಇ-ಸಿಮ್ ಇಟ್ಟುಕೊಳ್ಳಿ, ಅದರ ರಿಂಗ್ ಪೂರ್ತಿ ಆಫ್ ಮಾಡಿ. ಕರೆ ಬಂದರೂ ಮಗು ಏಳುವುದಿಲ್ಲ, ಒಟಿಪಿ ಬೇರೆಯವರಿಗೆ ಹೋಗುವುದಿಲ್ಲ.

ಆ ಸಿಮ್ಮಿಗೆ ರೀಚಾರ್ಜ್ ತಪ್ಪಿಸಬೇಡಿ. ಬಳಸದೆ ಬಿಟ್ಟ ನಂಬರನ್ನು ಕಂಪನಿಗಳು ಇನ್ನೊಬ್ಬರಿಗೆ ಕೊಡುತ್ತವೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2021ರಲ್ಲಿ ಅಲ್ಲಿನ ಎರಡು ಕಂಪನಿಗಳು ಹೊಸ ಗ್ರಾಹಕರಿಗೆ ಕೊಡಲು ಇಟ್ಟಿದ್ದ 259 ನಂಬರುಗಳನ್ನು ಪರೀಕ್ಷಿಸಿದರು. 171 ನಂಬರುಗಳಿಗೆ ಹಳೆಯ ಯಜಮಾನರ ಖಾತೆಗಳು ಇನ್ನೂ ಅಂಟಿಕೊಂಡೇ ಇದ್ದವು. ನಂಬರ್ ಬಿಡುವ ಮುಂಚೆ ಖಾತೆಗಳಿಂದ ತೆಗೆಯಬೇಕು, ಬಿಟ್ಟ ಮೇಲೆ ಆಗುವುದಿಲ್ಲ.

ನೀಲಿಛತ್ರಿ:

ಕಂದೀಲು ಸರ್, ನೀವು ಬರೆದದ್ದು ಓದುತ್ತಿದ್ದ ಹಾಗೇ ಸೆಟ್ಟಿಂಗ್ಸ್ ತೆರೆದೆ. ಇಮೇಲ್ ಸೇರಿತು, ಪಾಸ್‌ವರ್ಡ್ ಇಟ್ಟೆ. ನಂಬರ್ ತೆಗೆಯಲು ಹೋದರೆ "ಎರಡನೇ ಹಂತದ ಪರಿಶೀಲನೆಗೆ ಬೇರೆ ವಿಧಾನ ಆರಿಸಿ" ಅನ್ನುತ್ತಿದೆ. ಅಥೆಂಟಿಕೇಟರ್ ಆ್ಯಪ್ ಅಂತ ಒಂದು ಆಯ್ಕೆ ಕಾಣುತ್ತಿದೆ. ಅದಕ್ಕೂ ನಂಬರ್ ಬೇಕಾ?

ಕಂದೀಲು:

ಬೇಡ ಮೇಡಂ, ಅದನ್ನೇ ಆರಿಸಿ. ತೆರೆಯ ಮೇಲೆ ಒಂದು ಕ್ಯೂಆರ್ ಕೋಡ್ ಬರುತ್ತೆ, ಆ್ಯಪ್‌ನಿಂದ ಸ್ಕ್ಯಾನ್ ಮಾಡಿ. ಆಗ ಒಂದು ಗುಟ್ಟಿನ ಕೀಲಿ ನಿಮ್ಮ ಫೋನಿಗೆ ಬಂದು ಸೇರುತ್ತೆ, ಅದೇ ಕೀಲಿ ಸೈಟ್‌ನ ಹತ್ತಿರವೂ ಇರುತ್ತೆ. ಆ ಕೀಲಿಯನ್ನೂ ಗಡಿಯಾರದ ಸಮಯವನ್ನೂ ಸೇರಿಸಿ ಎರಡೂ ಕಡೆ ಒಂದೇ ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ 6 ಅಂಕಿ ಬರುತ್ತೆ. ಮೆಸೇಜ್ ಓಡಾಟವೇ ಇಲ್ಲ, ಇಂಟರ್‌ನೆಟ್ ಇಲ್ಲದಿದ್ದರೂ ಆ್ಯಪ್ ಅಂಕಿ ತೋರಿಸುತ್ತೆ. 2011ರಲ್ಲೇ ಇದಕ್ಕೆ ಸಾರ್ವತ್ರಿಕ ಮಾನದಂಡ ಬಂದಿದೆ, ಹಾಗಾಗಿ ಇಂಥದೇ ಆ್ಯಪ್ ಆಗಬೇಕೆಂದಿಲ್ಲ. ಪಾಸ್‌ಕೀ ಅಂತ ಆಯ್ಕೆ ಇದ್ದರೆ, ಅಂದರೆ ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದಲೇ ಒಳಗೆ ಹೋಗುವುದು, ಅದು ಇನ್ನೂ ಒಳ್ಳೆಯದು.

ಆ್ಯಪ್ ಜೋಡಿಸಿದ ಮೇಲೆ ಹತ್ತೋ ಹನ್ನೆರಡೋ ಬ್ಯಾಕಪ್ ಕೋಡ್ ಕೊಡಬಹುದು. ಅದನ್ನು ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲೇ ಇಡಬೇಡಿ. ಫೋನ್ ಕಳೆದ ದಿನ ಬೇಕಾಗುವುದೇ ಅದು. ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ.

ಮೆಸೇಜ್ ಆ್ಯಪ್‌ಗಳಿಗಂತೂ ಪುಕ್ಕಟೆ ನಂಬರ್ ಮುಟ್ಟಲೇಬೇಡಿ. ಅಲ್ಲಿ ನಂಬರೇ ಖಾತೆ. ಆ ಪುಟ ನೋಡುವ ಯಾರಾದರೂ ನಿಮ್ಮ ನಂತರ ಅದೇ ನಂಬರಿನಲ್ಲಿ ನೋಂದಾಯಿಸಿದರೆ ನೀವು ಹೊರಗೆ. ಅಪರಿಚಿತರಿಗೆ ನಂಬರ್ ತೋರಿಸಲು ಇಷ್ಟವಿಲ್ಲದಿದ್ದರೆ ಸಿಗ್ನಲ್ ಅನ್ನುವ ಮೆಸೇಜ್ ಆ್ಯಪ್‌ನಲ್ಲಿ 2024ರಿಂದ ಬಳಕೆದಾರ ಹೆಸರು ಇಟ್ಟುಕೊಳ್ಳಬಹುದು. ನೋಂದಣಿಗೆ ನಂಬರ್ ಬೇಕು, ಮಾತಾಡಿಸುವವರಿಗೆ ಅದು ಕಾಣಬೇಕಿಲ್ಲ. ಬ್ಯಾಂಕಿಗೂ ಸರ್ಕಾರಿ ಕೆಲಸಕ್ಕೂ ನಿಮ್ಮ ಹೆಸರಿನಲ್ಲೇ ಇರುವ ನಂಬರ್ ಕೊಡಿ.

ನೀಲಿಛತ್ರಿ:

ಆಯಿತು ಸರ್. ಆ್ಯಪ್ ಜೋಡಿಸಿದೆ, ನಂಬರ್ ತೆಗೆದೆ, ಲಾಗೌಟ್ ಮಾಡಿ ಮತ್ತೆ ಒಳಗೆ ಹೋಗಿಯೂ ನೋಡಿದೆ, 6 ಅಂಕಿ ಹಾಕಿದ ತಕ್ಷಣ ತೆರೆಯಿತು. ಬ್ಯಾಕಪ್ ಕೋಡ್‌ಗಳನ್ನು ಬರೆದಿಟ್ಟಿದ್ದೇನೆ.

ಕುತೂಹಲಕ್ಕೆ ಆ ಪುಕ್ಕಟೆ ನಂಬರಿನ ಪುಟವನ್ನು ಇನ್ನೊಮ್ಮೆ ತೆರೆದೆ. ಕೆಳಗೆ ಸರಿಸುತ್ತಾ ಹೋದರೆ ನನ್ನ ಒಟಿಪಿ ಇನ್ನೂ ಅಲ್ಲೇ ಇದೆ, ಸೈಟ್‌ನ ಹೆಸರಿನ ಸಮೇತ. ಅದಕ್ಕಿಂತ ಮೇಲೆ ಅದೇ ಸೈಟ್‌ನಿಂದ ನಿನ್ನೆ ರಾತ್ರಿ ಬಂದ ಇನ್ನೊಂದು ಕೋಡ್ ಇದೆ. ಅದನ್ನು ಕೇಳಿದ್ದು ನಾನಲ್ಲ. ಖಾತೆಯೊಳಗೆ ಮಾದರಿಗಳೆಲ್ಲ ಹಾಗೇ ಇವೆ, ಅರ್ಜಿಗಳೂ ಇವೆ. ಯಾರಾದರೂ ಒಳಗೆ ಬಂದಿದ್ದರೇ ಅಂತ ತಿಳಿಯುವುದು ಹೇಗೆ?

ತಂತಿಹಕ್ಕಿ:

ಸೆಟ್ಟಿಂಗ್ಸ್‌ನಲ್ಲಿ ಭದ್ರತೆ ಅನ್ನುವ ಕಡೆ ಲಾಗಿನ್ ಆಗಿರುವ ಸಾಧನಗಳ ಪಟ್ಟಿ ಇರಬೇಕು. ನಿಮ್ಮದಲ್ಲದ್ದು ಏನಾದರೂ ಕಂಡರೆ "ಎಲ್ಲ ಸಾಧನಗಳಿಂದ ಲಾಗೌಟ್" ಒತ್ತಿ, ಪಾಸ್‌ವರ್ಡ್ ಇನ್ನೊಮ್ಮೆ ಬದಲಾಯಿಸಿ. ಏನೂ ಕಾಣದಿದ್ದರೂ ಒತ್ತಿಬಿಡಿ. ಅರ್ಜಿ ಹಾಕಿದ ಇಬ್ಬರಿಗೂ ನಿಮ್ಮ ಹೆಸರಿನಿಂದ ಬೇರೆ ಮೆಸೇಜ್ ಹೋಗಿದೆಯಾ ಅಂತ ಕಳಿಸಿದವುಗಳ ಪೆಟ್ಟಿಗೆಯಲ್ಲಿ ನೋಡಿ, ಇಲ್ಲಿ ತಿಳಿಸಿ.

ನೀಲಿಛತ್ರಿ:

ನೋಡಿದೆ. ಸಾಧನಗಳು ಎರಡೇ, ನನ್ನ ಫೋನ್ ಮತ್ತು ಕಂಪ್ಯೂಟರ್. ಕಳಿಸಿದ ಮೆಸೇಜುಗಳೂ ಎರಡೇ, ಎರಡೂ ನಾನೇ ಬರೆದವು. ಎಲ್ಲ ಕಡೆಯಿಂದ ಲಾಗೌಟ್ ಮಾಡಿಸಿ ಪಾಸ್‌ವರ್ಡ್ ಬದಲಾಯಿಸಿದ್ದೇನೆ. ಉಳಿದ ಮೂರು ಸೈಟ್‌ಗಳಿಗೆ ಇನ್ನೊಂದು ಸಿಮ್ ಬಂದ ಮೇಲೆಯೇ ನೋಂದಾಯಿಸುತ್ತೇನೆ.